ನಾವು ನೋಡಿದ್ದನ್ನು ಬರೆಸಿದ ಮಾಷ್ಟ್ರು

ಹಳೆ ವಿದ್ಯಾರ್ಥಿ ಸಂಘದ ಕಾರ್ಯದರ್ಶಿ ನನ್ನ ಸಹಪಾಠಿ. ಹೈಸ್ಕೂಲಿನಲ್ಲಿ ನನ್ನ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದವನು. ಮೊನ್ನೆ ಫೋನು ಮಾಡಿ, "ನಮ್ಮ ವಿಜ್ಞಾನದ ಮಾಷ್ಟ್ರು ಈ ತಿಂಗಳು ರಿಟೈರ್ ಆಗ್ತಾರೆ. ಶನಿವಾರ ಶಾಲೆಯಲ್ಲಿ ಸನ್ಮಾನ ಉಂಟು. ಅಭಿನಂದನೆಯ ಮಾತು ನೀನೇ ಆಡ್ಬೇಕು" ಎಂದ.

"ನನ್ನಿಂದ ಆಗ್ಲಿಕ್ಕಿಲ್ಲ" ಎಂದೆ.

"ಯಾಕೆ ಮಾರಾಯ್ತಿ? ಪುತ್ತೂರಲ್ಲಿ ದಿನಾ ಮಕ್ಕಳಿಗೆ ಕನ್ನಡ ಪಾಠ ಮಾಡುವವಳು ನೀನು. ನಿಂಗೆ ಎಂತ ಕಷ್ಟ?"

"ಅವರನ್ನು ಹೊಗಳ್ಲಿಕ್ಕೆ ನನ್ನ ಹತ್ರ ಸಾಮಾನಿಲ್ಲ."

"ಸಾಮಾನಿಲ್ಲದೆ ಹೊಗಳುದಕ್ಕೇ ಅಲ್ವಾ ಕನ್ನಡ ಎಂ.ಎ. ಮಾಡುದು?" ಎಂದು ಅವನು ನಕ್ಕ. ನನಗೂ ನಗು ಬಂತು. ಕೊನೆಗೆ, "ಮಾತಾಡದಿದ್ರೆ ಬೇಡ, ಬಂದು ಕೂತ್ಕೊ. ಊಟ ಉಂಟು" ಎಂದ. ಅದಕ್ಕೆ ಒಪ್ಪಿದೆ. ಹೋದೆ, ಕೂತೆ, ಉಂಡೆ, ಬಂದೆ. ಅಲ್ಲಿ ಆಡದೆ ಉಳಿಸಿಕೊಂಡ ಅಭಿನಂದನೆಯ ಮಾತುಗಳನ್ನು ಈಗ ಇಲ್ಲಿ ಬರೆಯುತ್ತಿದ್ದೇನೆ. ಮಾಷ್ಟ್ರ ಹೆಸರು ಬರೆಯುವುದಿಲ್ಲ. ಅಂಥವರು ಊರಿಗೊಬ್ಬರಂತೆ ಇರುವುದರಿಂದ ನಿಮ್ಮ ಊರಿನವರ ಹೆಸರನ್ನೇ ಹಾಕಿಕೊಂಡು ಓದಿದರೂ ನಷ್ಟವಿಲ್ಲ.

ಎತ್ತರದ ಆಳು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಕೆಂಪು ಪೆನ್ನೊಂದು, ನೀಲಿ ಪೆನ್ನೊಂದು. ಸೀಮೆಸುಣ್ಣದ ಹುಡಿ ಕೈಗೆ ಹತ್ತಬಾರದೆಂದು ಅದರ ತುಂಡಿಗೆ ಕಾಗದ ಸುತ್ತಿ ಹಿಡಿಯುತ್ತಿದ್ದರು. ಇಷ್ಟು ಜಾಗ್ರತೆ ಮಾಡಿಯೂ ಪಾಠ ಮುಗಿದ ಕೂಡಲೇ ಕೈ ತೊಳೆಯಬೇಕು. ಅದಕ್ಕೆ ನಮ್ಮಲ್ಲೊಬ್ಬರು ಶಾಲೆಯ ಬಾವಿಯಿಂದ ನೀರು ಸೇದಿ ಕೊಡಬೇಕು. ರಾಟೆಯ ಪಾಠ ಬರೆಸಿದ ದಿನವೂ ಹಾಗೆಯೇ ಆಯಿತು. "ಸ್ಥಿರ ರಾಟೆಯು ಬಲದ ದಿಕ್ಕನ್ನು ಬದಲಾಯಿಸುತ್ತದೆ" ಎಂದು ಬರೆಸಿ, ಗಂಟೆ ಹೊಡೆದದ್ದೇ ನನ್ನನ್ನು ಬಾವಿಗೆ ಕಳಿಸಿದರು. ನಾನು ಹಗ್ಗವನ್ನು ಕೆಳಗೆ ಎಳೆದೆ, ಕೊಡಪಾನ ಮೇಲೆ ಬಂತು. ಮಾಷ್ಟ್ರು ಪಕ್ಕದಲ್ಲೇ ಕೈಚಾಚಿ ನಿಂತಿದ್ದರು. ನನ್ನ ತಲೆಯ ಮೇಲೆ ಕಿರಗುಡುತ್ತಿದ್ದದ್ದೇ ಆಗಷ್ಟೇ ನಾನು ಬರೆದುಕೊಂಡ ರಾಟೆ ಎಂದು ಅವರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಅವರ ಪಾಠವೆಂದರೆ ಬರೆಸುವುದು. ಒಳಗೆ ಬಂದು, ಹಾಜರಿ ಕೂಗಿ, ಪಠ್ಯಪುಸ್ತಕದ ಹೊಟ್ಟೆಯೊಳಗೆ ಗೈಡನ್ನಿಟ್ಟು, "ಹ್ಞೂಂ, ಬರ್ಕೊಳ್ಳಿ" ಎನ್ನುತ್ತಿದ್ದರು. ಭೌತಶಾಸ್ತ್ರವಾಗಲಿ, ರಸಾಯನಶಾಸ್ತ್ರವಾಗಲಿ, ಜೀವಶಾಸ್ತ್ರವಾಗಲಿ, ಎಂಟನೆಯಿಂದ ಹತ್ತನೆಯವರೆಗೆ ಮೂರಕ್ಕೂ ಅವರೊಬ್ಬರೇ, ಮೂರಕ್ಕೂ ಒಂದೇ ರಾಗ. ಪ್ರಯೋಗ ಬಂತೆಂದರೆ ಮಾತ್ರ ರಾಗ ಸ್ವಲ್ಪ ಏರುತ್ತಿತ್ತು. "ಉದ್ದೇಶ, ಬರ್ಕೊಳ್ಳಿ. ಬೇಕಾಗುವ ಸಾಮಗ್ರಿಗಳು, ಬರ್ಕೊಳ್ಳಿ. ವಿಧಾನ, ಬರ್ಕೊಳ್ಳಿ. ಇನ್ನು ವೀಕ್ಷಣೆ. ನಾವು ಎಂತ ನೋಡಿದೆವು? ಬರ್ಕೊಳ್ಳಿ."

ನಾವು ಏನನ್ನು ನೋಡಿದೆವು ಎಂಬುದನ್ನು ಅವರು ಹೇಳುತ್ತಿದ್ದರು, ನಾವು ಬರೆದುಕೊಳ್ಳುತ್ತಿದ್ದೆವು. ಆಮ್ಲದಲ್ಲಿ ನೀಲಿ ಲಿಟ್ಮಸ್ ಕೆಂಪಾದದ್ದನ್ನು ನೋಡಿದೆವು. ಸುಣ್ಣದ ತಿಳಿನೀರು ಹಾಲಿನಂತಾದದ್ದನ್ನು ನೋಡಿದೆವು. ಬಿಳಿ ಬೆಳಕು ಪಟ್ಟಕದ ಒಳಗೆ ಹೊಕ್ಕು ಏಳು ಬಣ್ಣವಾಗಿ ಹೊರಗೆ ಬಂದದ್ದನ್ನೂ ನೋಡಿದೆವು. ಹಾಗೆ ನೋಡುವಾಗ ನಮ್ಮ ಕಣ್ಣೆದುರು ಇದ್ದದ್ದು ಒಂದು ಕಪ್ಪು ಹಲಗೆ, ಅದರ ಮೇಲಿನ ಗೋಡೆಯಲ್ಲಿ ಒಂದು ಹಲ್ಲಿ. ನನ್ನ ಹಿಂದಿನ ಬೆಂಚಿನವನು, ಈಗಿನ ಕಾರ್ಯದರ್ಶಿ, ಕೊಲ್ಲಮೊಗ್ರು ಕಡೆಯಿಂದ ಬೆಳಗಿನ ಬಸ್ಸು ಹಿಡಿದು ಬರುತ್ತಿದ್ದವನು. ಒಂದು ದಿನ ಪಾಪ, ಎದ್ದುನಿಂತು ಕೇಳಿದ.

"ಸರ್, ಲಿಟ್ಮಸ್ ಅಂದ್ರೆ ಎಂತ?"

"ಒಂದು ಕಾಗದ."

"ಅದು ಎಲ್ಲಿ ಸಿಗ್ತದೆ ಸರ್?"

"ಪರೀಕ್ಷೆಯಲ್ಲಿ ಸಿಗ್ತದೆ. ಬರ್ಕೊ."

ಶಾಲೆಯಲ್ಲಿ ಲಿಟ್ಮಸ್ ಇರಲಿಲ್ಲವೆಂದಲ್ಲ. ಎಲ್ಲವೂ ಇತ್ತು. ಕೊನೆಯ ಕೋಣೆಯಲ್ಲಿ ಒಂದು ಕಬ್ಬಿಣದ ಕಪಾಟು, ಅದರ ಬೀಗದ ಕೈ ಮಾಷ್ಟ್ರ ಪ್ಯಾಂಟಿನ ಜೇಬಿನಲ್ಲಿ. ಹೊಸದಾಗಿ ಬಂದ ಗಣಿತದ ಟೀಚರೊಬ್ಬರು ಒಮ್ಮೆ ಸಲುಗೆಯಿಂದ, "ಸರ್, ಮಕ್ಕಳಿಗೆ ಒಂಚೂರು ತೋರಿಸ್ಬಹುದಲ್ವಾ?" ಎಂದು ಕೇಳಿದ್ದರಂತೆ. "ಗಾಜಿಂದು. ಒಡೆದ್ರೆ ಮತ್ತೆ?" ಎಂದರಂತೆ ಇವರು. ಒಡೆದರೆ ಮತ್ತೆ ಎಂಬ ಆ ಎರಡು ಶಬ್ದಗಳಿಂದ ಅವರು ತಮ್ಮ ಇಡೀ ಸರ್ವೀಸು ಕಳೆದರು. ಅವರ ಕೈಯಲ್ಲಿ ಒಂದು ಪ್ರನಾಳವೂ ಒಡೆಯಲಿಲ್ಲ ಎಂದು ಶನಿವಾರದ ಸನ್ಮಾನ ಪತ್ರದಲ್ಲಿ ಬರೆಯಬಹುದಿತ್ತು. ಯಾರೂ ಬರೆಯಲಿಲ್ಲ.

ಕಪಾಟು ತೆರೆಯುತ್ತಿದ್ದದ್ದು ತಪಾಸಣೆಯ ದಿನ ಮಾತ್ರ. ಹಿಂದಿನ ದಿನವೇ ನಮ್ಮಿಂದ ಧೂಳು ಒರೆಸಿಸಿ, ಮೇಜಿಗೆ ಹಸಿರು ಬಟ್ಟೆ ಹಾಸಿ ಎಲ್ಲವನ್ನೂ ಸಾಲಾಗಿ ಇಡುತ್ತಿದ್ದರು. ಸೂಕ್ಷ್ಮದರ್ಶಕ ನಡುವೆ, ಬಾಟಲಿಯಲ್ಲಿ ನೆನೆಹಾಕಿದ ಕಪ್ಪೆ ಅದರ ಬಲಕ್ಕೆ. ಬಂದ ಸಾಹೇಬರು ಒಮ್ಮೆ ನನ್ನ ಗೆಳತಿಯ ಕೈಗೆ ಪ್ರನಾಳವೊಂದನ್ನು ಕೊಟ್ಟು, "ಇದನ್ನು ಬಿಸಿ ಮಾಡುವಾಗ ಹೇಗೆ ಹಿಡೀಬೇಕು, ತೋರಿಸಮ್ಮ" ಎಂದರು. ಅವಳು ಎರಡೂ ಕೈ ಜೋಡಿಸಿ, ದೇವಸ್ಥಾನದಲ್ಲಿ ತೀರ್ಥ ತೆಗೆದುಕೊಳ್ಳುವಂತೆ ಬೊಗಸೆಯಲ್ಲಿ ಹಿಡಿದಳು. ಸಾಹೇಬರು ಮಾಷ್ಟ್ರ ಮುಖ ನೋಡಿದರು. ಮಾಷ್ಟ್ರು, "ಹೆದರಿದ್ದಾಳೆ ಸರ್, ಹಳ್ಳಿಯ ಮಕ್ಕಳು" ಎಂದು ನಕ್ಕರು.

ಇನ್ನು ಹೂವಿನ ಭಾಗಗಳ ಪಾಠ. ಅವರ ಚಿತ್ರ ಚಂದ, ಅದನ್ನು ಅಲ್ಲಗಳೆದರೆ ನಾಲಿಗೆ ಉದುರೀತು. ಬಣ್ಣದ ಸೀಮೆಸುಣ್ಣ ತಂದು ಬೋರ್ಡಿನ ತುಂಬ ದಾಸವಾಳ ಬಿಡಿಸಿದರು. ಪುಷ್ಪದಳ, ಕೇಸರ, ಶಲಾಕೆ, ಎಲ್ಲಕ್ಕೂ ಸ್ಕೇಲು ಇಟ್ಟು ಎಳೆದ ಗೆರೆ. ನಮ್ಮ ಶಾಲೆಯ ಬೇಲಿಯೇ ದಾಸವಾಳದ್ದು. ಕಿಟಕಿಯಿಂದ ಕೈ ಹಾಕಿದರೆ ಸಿಗುವಷ್ಟು ಹತ್ತಿರ ಅರಳಿ ನಿಂತಿತ್ತು. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಉಮೇದಿನಿಂದ ಒಂದನ್ನು ಕೊಯ್ದು ತಂದು ಅವರ ಮೇಜಿನ ಮೇಲಿಟ್ಟಳು. ಅವರು ಅದನ್ನೆತ್ತಿ ಅವಳಿಗೇ ವಾಪಸು ಕೊಟ್ಟು, "ಚಂದ ಉಂಟು. ಆಫೀಸಲ್ಲಿ ಸರಸ್ವತಿ ಫೋಟೋಕ್ಕೆ ಇಟ್ಟು ಬಾ" ಎಂದರು. ಸರಸ್ವತಿಗೆ ಹೂವಿನ ಭಾಗಗಳು ಮೊದಲೇ ಗೊತ್ತಿದ್ದಿರಬೇಕು. ನಮಗೆ ಗೊತ್ತಾಗಲಿಲ್ಲ.

ನನ್ನ ಸಿಟ್ಟಿಗೆ ಕಾರಣ ಬೇರೆ ಉಂಟು. ನನಗೆ ವಿಜ್ಞಾನ ಬೇಕಿತ್ತು. ಹುಚ್ಚೆಂದರೂ ಸರಿಯೆ. ಪ್ರೈಮರಿಯಲ್ಲಿರುವಾಗಲೇ ತೋಡಿನಿಂದ ಕಪ್ಪೆಮರಿಗಳನ್ನು ಹಾರ್ಲಿಕ್ಸ್ ಬಾಟಲಿಯಲ್ಲಿ ತಂದು, ಅವುಗಳ ಬಾಲ ಕರಗಿ ಕಾಲು ಬರುವುದನ್ನು ಕಾದು ನೋಡಿದವಳು ನಾನು. ಅಮ್ಮ ಬೈದು ಬಾಟಲಿಯನ್ನು ಅಂಗಳಕ್ಕೆ ಸುರಿದಾಗ ಅತ್ತು ಊಟ ಬಿಟ್ಟಿದ್ದೆ. ಹೈಸ್ಕೂಲಿಗೆ ಹೋದ ಮೇಲೆ ವಿಜ್ಞಾನಕ್ಕೆಂದೇ ಒಬ್ಬರು ಮಾಷ್ಟ್ರು ಇರುತ್ತಾರೆ, ಅದಕ್ಕೆಂದೇ ಒಂದು ಕೋಣೆ ಇರುತ್ತದೆ ಎಂದು ಅಕ್ಕ ಹೇಳಿದ್ದಳು. ಹತ್ತನೆಯ ನಂತರ ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಳ್ಳಬೇಕು, ಮುಂದೆಯೂ ಅದನ್ನೇ ಓದಬೇಕು ಎಂದು ನಾನು ಎಂಟನೆಗೆ ಕಾಲಿಡುವ ಮೊದಲೇ ನಿಶ್ಚಯಿಸಿಕೊಂಡಿದ್ದೆ. ನಮ್ಮ ಕಡೆ ಆ ನಿಶ್ಚಯ ಮಾಡುವ ಅಧಿಕಾರ ಮಕ್ಕಳದ್ದಲ್ಲ, ಅಪ್ಪ ಅಮ್ಮನದ್ದೂ ಅಲ್ಲ, ಮಾಷ್ಟ್ರದ್ದು ಎಂಬುದು ಆಗ ನನಗೆ ತಿಳಿದಿರಲಿಲ್ಲ.

ಹತ್ತನೆಯ ಫಲಿತಾಂಶ ಬಂದ ವಾರ ಅವರ ಮನೆಯ ಜಗಲಿ ತುಂಬುತ್ತಿತ್ತು. ತಂದೆಯಂದಿರು ಮಕ್ಕಳನ್ನು ಕರೆದುಕೊಂಡು, ಕೈಯಲ್ಲೊಂದು ಬಾಳೆಗೊನೆಯನ್ನೋ ಸೌತೆಯನ್ನೋ ಹಿಡಿದು ಬರುತ್ತಿದ್ದರು. "ಮಾಷ್ಟ್ರೆ, ಇವನಿಗೆ ಎಂತ ಆದೀತು?" ಎಂಬುದು ಪ್ರಶ್ನೆ. ಮಾಷ್ಟ್ರು ಅಂಕಪಟ್ಟಿಯನ್ನೊಮ್ಮೆ, ಹುಡುಗನನ್ನೊಮ್ಮೆ ನೋಡಿ, ಸೈನ್ಸೋ ಕಾಮರ್ಸೋ ಆರ್ಟ್ಸೋ ಹೇಳಿಬಿಡುವುದು. ನಮ್ಮವರು ದೈವದ ಎದುರು ನಿಂತಾಗಲಾದರೂ ಸಮಾಧಾನವಾಗದಿದ್ದರೆ ಎರಡನೆಯ ಸಲ ಅರಿಕೆ ಮಾಡಿಕೊಳ್ಳುವುದುಂಟು. ಮಾಷ್ಟ್ರ ಮಾತಿಗೆ ಎರಡನೆಯ ಸಲ ಎಂಬುದಿರಲಿಲ್ಲ.

ಈವರೆಗೆ ಹೇಳಿದ್ದನ್ನು ಕೇಳಿ ನೀವು, ಪಾಪ, ಅವರಿಗೇ ವಿಜ್ಞಾನ ಬರುತ್ತಿರಲಿಲ್ಲವೇನೋ ಎಂದುಕೊಳ್ಳಬಹುದು. ನಾನೂ ಹಾಗೆಯೇ ತಿಳಿದಿದ್ದೆ. ಗೊತ್ತಿಲ್ಲದವರ ಮೇಲೆ ಸಿಟ್ಟು ಮಾಡಿ ಪ್ರಯೋಜನವಿಲ್ಲ, ಅವರನ್ನು ಮರೆತುಬಿಡಬಹುದು. ಇವರನ್ನು ಮರೆಯಲಾಗದಂತೆ ಮಾಡಿದ್ದು ಒಂಬತ್ತನೆಯ ತರಗತಿ ಶುರುವಾದ ಹೊಸತರಲ್ಲಿ ಬಂದ ಒಂದು ಭಾನುವಾರ.

ಅವರ ಮನೆ ನಮ್ಮ ಮನೆಯಿಂದ ಒಂದು ಗುಡ್ಡದಾಚೆ. ಅಮ್ಮ ಏನೋ ಕೊಟ್ಟು ಬಾ ಎಂದು ಕಳಿಸಿದ್ದಳು. ಹೋದರೆ ಮಾಷ್ಟ್ರು ಅಂಗಳದಲ್ಲಿ, ಹಳೆ ಲುಂಗಿ, ಹರಕು ಬನಿಯನ್ನು, ತಲೆಗೆ ಮುಂಡಾಸು. ಅಡಿಕೆಗೆ ಕೊಳೆರೋಗ ಬಾರದ ಹಾಗೆ ಮದ್ದು ಬಿಡುವ ದಿನ. ಮದ್ದೆಂದರೆ ಮೈಲುತುತ್ತು ಮತ್ತು ಸುಣ್ಣ. ನೀಲಿ ತುತ್ತನ್ನು ಒಂದು ಪಾತ್ರೆಯಲ್ಲಿ ಕರಗಿಸಿ, ಸುಣ್ಣವನ್ನು ಇನ್ನೊಂದರಲ್ಲಿ ಕದಡಿ, ಎರಡನ್ನೂ ಹದವಾಗಿ ಸೇರಿಸಬೇಕು. ತುತ್ತು ಹೆಚ್ಚಾದರೆ ಹಿಂಗಾರ, ಎಂದರೆ ಅಡಿಕೆಯ ಹೂಗೊನೆ, ಸುಟ್ಟುಹೋಗುತ್ತದೆ. ಹೆಚ್ಚಾಗಿದೆಯೇ ಎಂದು ತಿಳಿಯಲು ನಮ್ಮಲ್ಲಿ ಎಲ್ಲರೂ ಮಾಡುವುದು ಒಂದೇ ಪರೀಕ್ಷೆ, ಉಜ್ಜಿ ತೊಳೆದ ಕಬ್ಬಿಣದ ಕತ್ತಿಯನ್ನು ಅದರಲ್ಲಿ ಸ್ವಲ್ಪ ಹೊತ್ತು ಅದ್ದಿಡುವುದು.

ಮಾಷ್ಟ್ರು ಡ್ರಮ್ಮಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತಿದ್ದರು. ಪಕ್ಕದಲ್ಲಿ ಅವರ ಮಗಳು, ಆಗಿನ್ನೂ ಪ್ರೈಮರಿಯವಳು. ಅವರು ಕತ್ತಿಯನ್ನು ಮೇಲೆತ್ತಿ ಬಿಸಿಲಿಗೆ ಹಿಡಿದರು. ಅಲಗಿನ ಮೇಲೆ ತೆಳ್ಳಗೆ ಕೆಂಪು ಹತ್ತಿತ್ತು.

"ನೋಡಿದಿಯಾ ಪುಟ್ಟಿ? ಈ ಕೆಂಪು ಎಂತ?"

"ತುಕ್ಕು" ಎಂದಳು ಮಗಳು.

"ತುಕ್ಕು ಇಷ್ಟು ಬೇಗ ಬರ್ತದಾ? ಆಲೋಚನೆ ಮಾಡು. ಕತ್ತಿಯಲ್ಲಿ ಮೊದ್ಲು ಇರ್ಲಿಲ್ಲ. ಅಂದ್ರೆ ಎಲ್ಲಿಂದ ಬಂತು?"

"ನೀರಿಂದ."

"ಹಾಂ. ನೀರಲ್ಲಿ ಎಂತ ಹಾಕಿದ್ದು ನಾವು? ತುತ್ತು. ತುತ್ತಲ್ಲಿ ತಾಮ್ರ ಉಂಟು, ಕಾಣುದಿಲ್ಲ, ಅಡಗಿ ಕೂತಿದೆ. ಕಬ್ಬಿಣ ಎಂತ ಮಾಡ್ತದೆ, ತಾನು ಒಳಗೆ ಹೋಗಿ ತಾಮ್ರವನ್ನು ಹೊರಗೆ ಹಾಕ್ತದೆ. ಬಸ್ಸಲ್ಲಿ ಜೋರಿನವ ಸೀಟು ಹಿಡೀತಾನಲ್ಲ, ಹಾಗೆ. ಈಗ ಹೇಳು, ಇದಕ್ಕೆ ಇನ್ನೂ ಎಂತ ಹಾಕ್ಬೇಕು?"

"ಸುಣ್ಣ" ಎಂದಳು ಆ ಪುಟ್ಟ ಹುಡುಗಿ.

ಮಾಷ್ಟ್ರು ನಕ್ಕರು. ಅವರು ಹಾಗೆ ನಗುವುದನ್ನು ನಾನು ಶಾಲೆಯಲ್ಲಿ ಕಂಡದ್ದಿಲ್ಲ. ನನ್ನನ್ನು ನೋಡಿ, "ನೀನೂ ಬಾ, ನೋಡು" ಎಂದರು. ನಾನೂ ಕುಕ್ಕರಗಾಲಿನಲ್ಲಿ ಕೂತೆ. ಸುಣ್ಣದ ನೀರು ಸುರಿದು, ಕೋಲಿನಿಂದ ತಿರುಗಿಸಿ, ಕತ್ತಿಯನ್ನು ಬೂದಿ ಹಾಕಿ ಉಜ್ಜಿ ನನ್ನ ಕೈಗೇ ಕೊಟ್ಟರು. ಅದ್ದಿದೆ, ಕಾದೆ, ತೆಗೆದೆ. ಅಲಗು ಹಾಗೆಯೇ ಬೆಳ್ಳಗಿತ್ತು. "ಈಗ ಸರಿಯಾಯ್ತು" ಎಂದರು. ಎಷ್ಟು ಖುಷಿಯಾಗಿತ್ತು ನನಗೆ ಅಂದರೆ, ಗುಡ್ಡ ಹತ್ತಿ ಮನೆಗೆ ಬರುವಾಗ ಅಮ್ಮ ಕೊಟ್ಟು ಕಳಿಸಿದ್ದನ್ನು ಕೊಡದೆ ಹಾಗೆಯೇ ವಾಪಸು ತಂದಿದ್ದೆ.

ಕೆಲವು ದಿನ ಕಳೆದು ತರಗತಿಯಲ್ಲಿ ಲೋಹಗಳ ಪಾಠ ಬಂತು. ಅದೊಂದು ಸೋಮವಾರ. ಹಿಂದಿನ ದಿನವೂ ಅವರಲ್ಲಿ ಮದ್ದು ಬಿಟ್ಟಿದ್ದಿರಬೇಕು. ಅದೇ ಬಿಳಿ ಅಂಗಿ, ಅದೇ ರಾಗ. "ಸ್ಥಾನಪಲ್ಲಟ ಕ್ರಿಯೆ. ಬೇಕಾಗುವ ಸಾಮಗ್ರಿಗಳು, ಕಬ್ಬಿಣದ ಮೊಳೆ, ತಾಮ್ರದ ಸಲ್ಫೇಟಿನ ದ್ರಾವಣ, ಬೀಕರು. ವೀಕ್ಷಣೆ, ನಾವು ಎಂತ ನೋಡಿದೆವು? ಮೊಳೆಯ ಮೇಲೆ ಕೆಂಪು ಮಿಶ್ರಿತ ಕಂದು ಬಣ್ಣದ ಲೇಪವು ಉಂಟಾಯಿತು. ಬರ್ಕೊಳ್ಳಿ."

ಬರೆಯುತ್ತಿದ್ದ ನನ್ನ ಕೈ ನಿಂತಿತು. ತಾಮ್ರದ ಸಲ್ಫೇಟು ಎಂದರೆ ತುತ್ತು. ಇದು ನಾನು ನೋಡಿದ್ದು. ಆ ಶಾಲೆಯಲ್ಲಿ ಮೊದಲ ಸಲ ನಾನು ನಿಜವಾಗಿ ನೋಡಿದ ಒಂದು ವೀಕ್ಷಣೆ. ಎದ್ದು ನಿಂತದ್ದು ನನಗೇ ಗೊತ್ತಾಗಲಿಲ್ಲ.

"ಸರ್, ಮೊನ್ನೆ ನೀವು ಮದ್ದಿಗೆ ಕತ್ತಿ ಅದ್ದಿದ್ದು ಇದೇ ಅಲ್ವಾ? ತುತ್ತು ಹೆಚ್ಚಾಗಿತ್ತಲ್ಲ, ಆ ದಿನ?"

ಇಡೀ ಕ್ಲಾಸು ಗೊಳ್ಳೆಂದು ನಕ್ಕಿತು. ಮಾಷ್ಟ್ರು ಮುಂಡಾಸು ಕಟ್ಟಿ ಡ್ರಮ್ಮಿನ ಬುಡದಲ್ಲಿ ಕೂತದ್ದು ಎಲ್ಲರ ಕಣ್ಣಿಗೂ ಕಟ್ಟಿರಬೇಕು. ಎಲ್ಲರ ನೋಟ ಅವರ ಕೈಗೆ ಹೋಯಿತು. ಉಗುರಿನ ಸಂದಿನಲ್ಲಿ ತುತ್ತಿನ ನೀಲಿ ಇನ್ನೂ ಉಳಿದಿತ್ತು. ಅವರು ಪುಸ್ತಕ ಮೇಜಿನ ಮೇಲಿಟ್ಟು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು.

"ಅದು ಮದ್ದು" ಎಂದರು. "ಇದು ವಿಜ್ಞಾನ. ಅಧಿಕಪ್ರಸಂಗ ಮಾಡ್ಲಿಕ್ಕೆ ಶಾಲೆಗೆ ಬರುದಾ ನೀನು? ಗಂಟೆ ಹೊಡೆಯುವಲ್ಲಿವರೆಗೆ ನಿಂತಿರು."

ನಿಂತಿದ್ದೆ. ಮರುದಿನದಿಂದ ಶಾಲೆಯಲ್ಲಿ ನನ್ನ ಹೆಸರು ತುತ್ತು ಎಂದಾಯಿತು. ಮಕ್ಕಳು ಇಟ್ಟ ಹೆಸರು ಮಕ್ಕಳಲ್ಲೇ ಉಳಿದಿದ್ದರೆ ತೊಂದರೆಯಿರಲಿಲ್ಲ. ಪಾಠದ ನಡುವೆ ಯಾರಾದರೂ ಬಾಯಿ ತೆರೆದರೆ ಮಾಷ್ಟ್ರೇ, "ನನ್ನ ಹತ್ರ ಯಾಕೆ ಕೇಳುದು? ತುತ್ತಿಗೆ ಗೊತ್ತಿರ್ತದೆ, ಕೇಳಿ" ಎನ್ನುತ್ತಿದ್ದರು. ಮತ್ತೆ ನಗು. ಆಮೇಲೆ ಹತ್ತನೆ ಮುಗಿಯುವವರೆಗೆ ನಾನು ಅವರ ತರಗತಿಯಲ್ಲಿ ಬಾಯಿ ತೆರೆದದ್ದಿಲ್ಲ. ಹೇಳಿದ್ದನ್ನು ಬರೆದೆ, ಬರೆದದ್ದನ್ನು ಬಾಯಿಪಾಠ ಮಾಡಿದೆ, ಬಾಯಿಪಾಠ ಮಾಡಿದ್ದನ್ನು ಪರೀಕ್ಷೆಯಲ್ಲಿ ಕಾರಿದೆ. ವಿಜ್ಞಾನದಲ್ಲಿ ತರಗತಿಗೇ ಹೆಚ್ಚು ಅಂಕ ನನಗೇ ಬಂತು.

ಆ ದಿನ ಅವರಿಗೆ ನಾಚಿಕೆಯಾಗಿತ್ತೆಂದು ಈಗ ತೋರುತ್ತದೆ. ಕೆಸರಿನಲ್ಲಿ ಕೆಲಸ ಮಾಡಿ ಬೆಳೆದ ಮನೆಯವರು, ಕಷ್ಟಪಟ್ಟು ಓದಿ ಬಿಳಿ ಅಂಗಿ ತೊಟ್ಟವರು. ಆ ಅಂಗಿಯ ಮೇಲೆ ನಾನು ತುತ್ತಿನ ನೀರು ಚೆಲ್ಲಿದ ಹಾಗಾಗಿರಬೇಕು. ಇಷ್ಟೆಲ್ಲ ಅರ್ಥವಾಗುತ್ತದೆ. ಅರ್ಥವಾದ ಮೇಲೆ ಕರುಣೆ ಬರಬೇಕೆನ್ನುತ್ತಾರೆ. ನನಗೆ ಬರುವುದಿಲ್ಲ. ಅಷ್ಟು ಚಂದ ಕಲಿಸಲು ಬರುತ್ತಿದ್ದ ಮನುಷ್ಯ, ಒಂದು ಊರಿನ ಮಕ್ಕಳಿಗೆ ವರ್ಷಗಟ್ಟಲೆ ಗೈಡು ಬರೆಸಿದರಲ್ಲ, ಅದನ್ನು ನೆನೆದರೆ ಮೈ ಉರಿಯುತ್ತದೆ. ಅನ್ನ ಇಲ್ಲದವನು ಬಡಿಸದಿದ್ದರೆ ಯಾರೂ ಬೈಯುವುದಿಲ್ಲ. ಇವರ ಪಾತ್ರೆಯಲ್ಲಿ ಅನ್ನ ಇತ್ತು.

ಫಲಿತಾಂಶ ಬಂದ ವಾರ ಅಪ್ಪನೂ ಬಾಳೆಗೊನೆ ಹಿಡಿದು ಹೊರಟ. ನಾನು ಅಂಕಪಟ್ಟಿ ಹಿಡಿದು ಹಿಂದೆ.  ಇಷ್ಟು ಅಂಕ ನೋಡಿದ ಮೇಲೆ ಬೇಡವೆನ್ನಲಾರರು ಎಂದು ನನ್ನಷ್ಟಕ್ಕೇ ಹೇಳಿಕೊಂಡೆ. ಜಗಲಿಯಲ್ಲಿ ನಮ್ಮ ಸರದಿ ಬಂದಾಗ ಅಪ್ಪ, "ಮಾಷ್ಟ್ರೆ, ಇವಳಿಗೆ ಸೈನ್ಸ್ ಅಂತ ಒಂದು ಆಸೆ ಉಂಟು. ಆದೀತಾ?" ಎಂದು ಕೇಳಿದ. ನನ್ನ ಪರವಾಗಿ ಅಪ್ಪ ಅಷ್ಟಾದರೂ ಹೇಳಿದ್ದ.

ಮಾಷ್ಟ್ರು ಅಂಕಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿದರು. "ಮಾರ್ಕು ಉಂಟು. ಮಾರ್ಕಿಗೆಂತ ತೊಂದರೆ ಇಲ್ಲ" ಎಂದರು. ನಂತರ ಅಪ್ಪನ ಕಡೆ ಬಾಗಿ, ನನಗೆ ಕೇಳಬಾರದೆಂಬಂತೆ ಸ್ವರ ತಗ್ಗಿಸಿ, ಆದರೆ ನನಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದರು. "ಇವಳದ್ದು ಕೇಳುದು ಜಾಸ್ತಿ. ಸೈನ್ಸಲ್ಲಿ ಅದೆಲ್ಲ ನಡೆಯುದಿಲ್ಲ. ಅಲ್ಲಿ ಹೇಳಿದ್ದನ್ನು ಹೇಳಿದ ಹಾಗೆ ಬರೆಯುವ ಮಕ್ಕಳು ಬೇಕು. ಆರ್ಟ್ಸಿಗೆ ಹಾಕಿ. ಮಾತಾಡುವವರಿಗೆ ಅದು ಒಳ್ಳೇದು."

ನಾನು ಬಾಯಿ ತೆರೆದೆ. ಅಪ್ಪ ನನ್ನ ಮುಖ ನೋಡಿದ. ಮುಚ್ಚಿದೆ. ಮಾಷ್ಟ್ರ ಎದುರು ಇನ್ನೊಮ್ಮೆ ಬಾಯಿ ತೆರೆದರೆ ಅವರ ಮಾತನ್ನು ನಾನೇ ನಿಜ ಮಾಡಿದಂತಾಗುತ್ತಿತ್ತು.

ಮನೆಗೆ ಬಂದು ಅತ್ತೆ. ಅಮ್ಮ, "ಅವಳ ಹತ್ರ ಒಂದು ಮಾತು ಕೇಳಿದ್ರಾ ನೀವು?" ಎಂದು ಅಪ್ಪನನ್ನು ಕೇಳಿದಳು. "ಅಷ್ಟು ಓದಿದವ್ರು ಸುಮ್ಮನೆ ಹೇಳ್ತಾರಾ?" ಎಂದ ಅಪ್ಪ. ಅಲ್ಲಿಗೆ ಮುಗಿಯಿತು. ಸುಳ್ಯದ ಕಾಲೇಜಿನಲ್ಲಿ ಆರ್ಟ್ಸಿಗೆ ಸೇರಿದೆ. ಕನ್ನಡ ನನಗೆ ಅನ್ಯಾಯ ಮಾಡಲಿಲ್ಲ, ಅನ್ನ ಕೊಟ್ಟಿದೆ, ಮರ್ಯಾದೆ ಕೊಟ್ಟಿದೆ, ಈಗ ಹೀಗೆ ಬೈಯಲು ಮಾತೂ ಕೊಟ್ಟಿದೆ. ಆದರೂ ನಾನೀಗ ಪಾಠ ಮಾಡುವ ಪುತ್ತೂರಿನ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಲ್ಯಾಬಿನ ಎದುರು ಹಾದುಹೋಗುವಾಗ, ಒಳಗೆ ಮಕ್ಕಳು ಕೈಯಲ್ಲಿ ಪ್ರನಾಳ ಹಿಡಿದು ಏನನ್ನೋ ಕಾಯುತ್ತಾ ನಿಂತಿರುವುದನ್ನು ಕಂಡರೆ ನನಗೆ ಇವತ್ತಿಗೂ ಹೊಟ್ಟೆಕಿಚ್ಚಾಗುತ್ತದೆ. ಆ ಮಕ್ಕಳ ಮೇಲೆ ಹೊಟ್ಟೆಕಿಚ್ಚು. ಈ ವಯಸ್ಸಿನಲ್ಲಿ ಹೇಳಿಕೊಳ್ಳುವ ಮಾತಲ್ಲ, ಆದರೂ ಇರುವುದು ಅದೇ.

ಶನಿವಾರದ ಸನ್ಮಾನ ಭರ್ಜರಿಯಾಗಿತ್ತು. ಪೇಟ, ಶಾಲು, ಹಣ್ಣಿನ ಬುಟ್ಟಿ. ಜಾಲ್ಸೂರಿನಿಂದ ಬಂದ ಹಳೆ ವಿದ್ಯಾರ್ಥಿಯೊಬ್ಬರು, "ಸರ್ ಬರೆಸಿದ ನೋಟ್ಸು ನನ್ನ ಮಗನಿಗೂ ಉಪಯೋಗಕ್ಕೆ ಬಂತು" ಎಂದು ಮೈಕಿನಲ್ಲಿ ಗದ್ಗದಿತರಾದರು. ಅದು ಹೊಗಳಿಕೆಯೆಂದು ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ಅದಕ್ಕಿಂತ ಕೆಟ್ಟದಾಗಿ ನನ್ನಿಂದ ಹೇಳಲಾಗುತ್ತಿರಲಿಲ್ಲ. ಮಾಷ್ಟ್ರು ಉತ್ತರ ಕೊಡಲು ಎದ್ದು, ವಿದ್ಯಾರ್ಥಿಗಳಲ್ಲಿ ಕುತೂಹಲ ಕಡಿಮೆಯಾಗುತ್ತಿದೆ, ಮೊಬೈಲಿನಿಂದ ಹಾಳಾಗುತ್ತಿದ್ದಾರೆ ಎಂದು ದುಃಖಪಟ್ಟರು. ನನ್ನ ಹಿಂದಿನ ಬೆಂಚಿನವನು, ಈಗ ಪಕ್ಕದ ಕುರ್ಚಿಯಲ್ಲಿದ್ದವನು, ನನ್ನ ಮುಖ ನೋಡದೆ ಕೆಮ್ಮಿದ.

ಊಟಕ್ಕೆ ಎದ್ದಾಗ ಮಾಷ್ಟ್ರು ನನ್ನನ್ನು ಕಂಡು ಕರೆದರು. ತಲೆ ಬೆಳ್ಳಗಾಗಿದೆ. ಸುತ್ತ ಊರಿನ ದೊಡ್ಡವರು, ಪಕ್ಕದಲ್ಲಿ ಮಗಳು. ಅವಳೀಗ ಮಂಗಳೂರಿನ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುತ್ತಾಳೆ. ಒಳ್ಳೆಯ ಹುಡುಗಿ, ನನ್ನನ್ನು ನೋಡಿ ಅಕ್ಕ ಎಂದು ಕೈ ಹಿಡಿದಳು. ಮಾಷ್ಟ್ರಿಗೆ ನನ್ನ ನೆನಪಿರಲಾರದು ಎಂದುಕೊಂಡಿದ್ದೆ. ಚೆನ್ನಾಗಿಯೇ ನೆನಪಿತ್ತು.

"ಇವಳು ಗೊತ್ತುಂಟಲ್ಲ? ಪುತ್ತೂರಲ್ಲಿ ಕನ್ನಡ ಲೆಕ್ಚರರ್" ಎಂದು ಸುತ್ತಲಿದ್ದವರಿಗೆ ಹೇಳಿದರು. "ಇವಳನ್ನು ಆರ್ಟ್ಸಿಗೆ ಹಾಕಿಸಿದ್ದು ನಾನೇ. ಅವತ್ತೇ ಇವಳ ಅಪ್ಪನಿಗೆ ಹೇಳಿದ್ದೆ. ಸೈನ್ಸಿಗೆ ಹೋಗಿದ್ರೆ ಎಲ್ಲಿಯೋ ಇರ್ತಿದ್ಲು. ಮಕ್ಕಳಲ್ಲಿ ಎಂತ ಉಂಟು ಅಂತ ನೋಡಿದ ಕೂಡ್ಲೇ ನಂಗೆ ಗೊತ್ತಾಗ್ತದೆ."

ಎಲ್ಲರೂ ನನ್ನ ಕಡೆ ನೋಡಿ ನಕ್ಕರು. ನಾನು ಬಾಗಿ ಕಾಲು ಮುಟ್ಟುವುದನ್ನು ಕಾಯುತ್ತಿದ್ದರು. ನನಗೆ ಬಾಗಲಾಗಲಿಲ್ಲ.

"ಸರ್, ನಂಗೆ ಸೈನ್ಸೇ ಬೇಕಿತ್ತು" ಎಂದೆ. ಇಷ್ಟು ವರ್ಷಗಳಲ್ಲಿ ಅವರೆದುರು ಆ ಮಾತನ್ನು ಆಡಿದ್ದು ಅದೇ ಮೊದಲು.  ಮಗಳು ನನ್ನ ಕೈ ಬಿಡದೆ ಅಪ್ಪನ ಮುಖ ನೋಡಿದಳು.

ಮಾಷ್ಟ್ರು ನಿಜವಾಗಿಯೂ ಆಶ್ಚರ್ಯಪಟ್ಟರು. ನಟನೆಯಲ್ಲ, ನಾನು ಆ ಮುಖವನ್ನು ಮೂರು ವರ್ಷ ಎದುರು ಕೂತು ನೋಡಿದವಳು.

"ಹೌದಾ?" ಎಂದರು. "ಅವತ್ತೇ ಕೇಳ್ಬಹುದಿತ್ತಲ್ಲ ಮಾರಾಯ್ತಿ. ಬಾಯಿ ಬಿಟ್ಟು ಕೇಳದಿದ್ರೆ ನಂಗೆ ಹೇಗೆ ಗೊತ್ತಾಗುದು?"